ಒಬ್ಬಳಿಗಾಗಿಯೇ ಒಂದು ಅಕ್ಷರ

ರಾತ್ರಿಯಿಂದ ತಲೆಯಲ್ಲಿ ಒಂದು ಚೀನೀ ಅಕ್ಷರ ಕೂತುಬಿಟ್ಟಿದೆ. ಮೇಲ್ಗಡೆ ಎಡಕ್ಕೆ ಸೂರ್ಯ, ಬಲಕ್ಕೆ ಚಂದ್ರ, ಕೆಳಗೆ ಆಕಾಶ. ಹೇಳುವುದು ‘ಜಾವ್’ ಅಂತ. ನಾಲಿಗೆಯ ತುದಿ ಸ್ವಲ್ಪ ಹಿಂದಕ್ಕೆ ಮಡಚಬೇಕು, ದನಿ ಮೇಲಿಂದ ಸರ್ರನೆ ಕೆಳಗಿಳಿಯಬೇಕು. ‘ಬೆಳಕು ಚೆಲ್ಲು’ ಅನ್ನುವ ಅರ್ಥದ ಮಾಮೂಲಿ ಪದಕ್ಕೂ ಇದೇ ಉಚ್ಚಾರ.

ಚೀನಾದ ಇತಿಹಾಸದಲ್ಲಿ ಸ್ವಂತ ಹೆಸರಲ್ಲೇ ಸಿಂಹಾಸನ ಏರಿದ ಒಬ್ಬಳೇ ಸಾಮ್ರಾಜ್ಞಿ ವೂ ಜೆಟಿಯನ್. ಆಳಿದ್ದು 690ರಿಂದ 705ರವರೆಗೆ. ಪಟ್ಟಕ್ಕೆ ಬರುವ ಮುಂಚೆಯೇ ಹಲವು ಹೊಸ ಅಕ್ಷರಗಳನ್ನು ಜಾರಿಗೆ ತಂದಳು. ಅದರಲ್ಲಿ ಇದನ್ನು ತನ್ನ ಹೆಸರಿಗೇ ಇಟ್ಟುಕೊಂಡಳು. ಸೂರ್ಯನೂ ಬೇಕು, ಚಂದ್ರನೂ ಬೇಕು! ಎಂಥ ಧೈರ್ಯ ಅಲ್ವಾ? ನನಗಂತೂ ತುಂಬಾ ಇಷ್ಟವಾಯಿತು.

ಅವಳ ಅಧಿಕಾರ ಹೋದ ಮೇಲೆ ಆ ಅಕ್ಷರಗಳೂ ಬಳಕೆಯಿಂದ ಬಿದ್ದುಹೋದವು. ಇದು ಮಾತ್ರ ಅವಳ ಹೆಸರಿನ ಜೊತೆ ಉಳಿದಿದೆ, ಇವತ್ತು ಫೋನಿನಲ್ಲೂ ಟೈಪ್ ಮಾಡಬಹುದು. ಇನ್ನೊಂದು ಜಪಾನಿಗೆ ಹೋಗಿ ಉಳಿಯಿತು. ಚೌಕದೊಳಗೆ ‘ಎಂಟು ದಿಕ್ಕು’ ಬರೆದರೆ ‘ನಾಡು’. 17ನೇ ಶತಮಾನದ ಮಿತೋ ಪ್ರಾಂತ್ಯದ ದೊರೆ ತೊಕುಗಾವಾ ಮಿತ್ಸುಕುನಿಯ ಹೆಸರಿನ ‘ಕುನಿ’ಯನ್ನು ಈಗಲೂ ಹಾಗೇ ಬರೆಯುತ್ತಾರೆ.