ಸ್ಟೀಮ್‌ಗೊಂದು ಪುಟ್ಟ ಟರ್ಮಿನಲ್ ಮುಖ

ಕಂಪ್ಯೂಟರ್ ಗೇಮ್‌ಗಳನ್ನು ಕೊಂಡು ಆಡಲು ಸ್ಟೀಮ್ ಅನ್ನುವ ಆ್ಯಪ್ ಇದೆಯಲ್ಲ, ಅದರಿಂದ ನನಗೆ ಬೇಕಿದ್ದದ್ದು ಇಷ್ಟೇ: ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಅಕ್ಷರದ ಪರದೆಯಲ್ಲಿ, ಇನ್‌ಸ್ಟಾಲ್ ಆಗಿರುವ ಗೇಮ್‌ಗಳ ಒಂದು ಸಾದಾ ಪಟ್ಟಿ, ಆರಿಸಿ ಎಂಟರ್ ಒತ್ತಿದರೆ ಆಟ ಶುರು. ಅಂಗಡಿ, ಗೆಳೆಯರ ಪಟ್ಟಿ ಏನೂ ಬೇಡ. ಸರಿ, ನಾನೇ ಬರೆಯಲು ಕೂತೆ.

ಸ್ಟೀಮ್ ಕ್ಲೈಂಟಿನ (ನಮ್ಮ ಕಂಪ್ಯೂಟರಿನಲ್ಲಿ ಓಡುವ ಅದರ ಆ್ಯಪ್) ಕೋಡ್ ನಮಗೆ ಸಿಗುವುದಿಲ್ಲ, ಆದರೆ ಅದು ಡಿಸ್ಕಿನಲ್ಲಿ ಇಟ್ಟಿರುವ ಫೈಲ್‌ಗಳನ್ನು ಯಾರು ಬೇಕಾದರೂ ಓದಬಹುದು. ಪ್ರತಿ ಗೇಮ್‌ಗೂ ಒಂದು ಎಸಿಎಫ್ ಫೈಲ್, ಅದರಲ್ಲಿ ಆ್ಯಪ್ ಐಡಿ (ಆ ಗೇಮ್‌ನ ಗುರುತಿನ ಸಂಖ್ಯೆ), ಹೆಸರು, ಫೋಲ್ಡರ್ ಎಲ್ಲ ಸಾದಾ ಅಕ್ಷರದಲ್ಲೇ ಇರುತ್ತದೆ. ನೋಡಲು ಜೇಸನ್ ಅನ್ನುವ ಡೇಟಾ ಬರೆಯುವ ಶೈಲಿಯ ತರಹ, ಆದರೆ ಕೋಲನ್ನೂ ಇಲ್ಲ, ಕಾಮಾನೂ ಇಲ್ಲ, ಹಾಗಾಗಿ ಅದನ್ನು ಓದಿ ಬಿಡಿಸುವ ಪಾರ್ಸರ್‌ಗೇ ಒಂದು ಸಂಜೆ ಹೋಯಿತು. ಓಡಿಸಿ ನೋಡಿದರೆ ಅರ್ಧ ಗೇಮ್‌ಗಳೇ ನಾಪತ್ತೆ! ತಪ್ಪು ನನ್ನದೇ. ಎರಡನೇ ಡ್ರೈವಿನಲ್ಲೂ ಗೇಮ್ ಹಾಕಿದ್ದೆ, ಆ ಜಾಗಗಳ ಪಟ್ಟಿ ಸ್ಟೀಮ್‌ನ ಬೇರೊಂದು ವಿಡಿಎಫ್ ಫೈಲಿನಲ್ಲಿ ಇರುತ್ತದೆ ಅನ್ನೋದು ಗೊತ್ತೇ ಇರಲಿಲ್ಲ.

ಆಟ ಶುರು ಮಾಡಲು steam:// ಎಂದು ಶುರುವಾಗುವ, ಆ್ಯಪ್ ಐಡಿ ಸೇರಿಸಿದ ಒಂದು ಲಿಂಕ್ ತೆರೆದರೆ ಸಾಕು. ಆದರೆ ಹಿಂದೆ ಅಸಲಿ ಕ್ಲೈಂಟ್ ಓಡುತ್ತಲೇ ಇರಬೇಕು. ಲಾಗಿನ್, ಲೈಸೆನ್ಸ್, ಕ್ಲೌಡ್ ಸೇವ್ ಎಲ್ಲ ಅದರ ಕೈಲೇ. ನನ್ನದು ಬರೀ ಮುಖವಾಡ, ಅಲ್ವಾ?

ಸ್ಟೀಮ್ ತರಹದ್ದೇ ಇನ್ನೊಂದು ಗೇಮ್ ಅಂಗಡಿ ಎಪಿಕ್ ಕಡೆ ಲೆಜೆಂಡರಿ ಅನ್ನುವ, ಪೈಥಾನ್ ಭಾಷೆಯಲ್ಲಿ ಬರೆದ ಟೂಲ್ ಇದೆ, ಅದು ಲಾಗಿನ್, ಡೌನ್‌ಲೋಡ್ ಎರಡನ್ನೂ ತಾನೇ ಮಾಡುತ್ತದೆ. ಗೇಮ್ ಶುರು ಮಾಡಿಕೊಡುವ ಹೀರೋಯಿಕ್ ಲಾಂಚರ್ ಅನ್ನುವ ಆ್ಯಪ್ ಎಪಿಕ್ ಗೇಮ್‌ಗಳಿಗೆ ಅದನ್ನೇ ನೆಚ್ಚಿಕೊಂಡಿದೆ. ಅದು ನಿಜವಾದ ಕೆಲಸ. ಆದರೆ ಸರ್ವರ್ ಎಪಿಕ್‌ನವರದು, ಅವರು ಏನಾದರೂ ಬದಲಾಯಿಸಿದ ದಿನ ರಿಪೇರಿ ಮಾಡುತ್ತಾ ಕೂರಬೇಕು. ನಾನಂತೂ ಪಾಸ್‌ವರ್ಡ್ ತಂಟೆಗೇ ಹೋಗಲಿಲ್ಲ. ಸದ್ಯಕ್ಕೆ ಟರ್ಮಿನಲ್‌ನಲ್ಲಿ ಕವರ್ ಚಿತ್ರ ತೋರಿಸುವ ಹುಚ್ಚು ಹಿಡಿದಿದೆ.