ಮ್ಯಾನ್ಲಿಯಲ್ಲಿ ಅವ್ವ

ಜನವರಿ 26. ನಮ್ಮ ರಾಯಚೂರಿನಲ್ಲಿ ಧ್ವಜಾರೋಹಣ, ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಡೇ ರಜೆ. "ಇವತ್ತ ಊರಿಗೂರೇ ಸಮುದ್ರಕ್ಕ ಬರ್ತದ, ಬ್ಯಾಡ ಅಣ್ಣಾ" ಎಂದಿದ್ದ ತಮ್ಮ. ಆದರೆ ಅವನಿಗೆ ಸೂಟಿ ಇದ್ದದ್ದೂ ಅವತ್ತೇ. ಸರ್ಕ್ಯುಲರ್ ಕೀ ಎನ್ನುವ ದೋಣಿಕಟ್ಟೆಯಲ್ಲಿ ಮ್ಯಾನ್ಲಿ ಬೀಚಿಗೆ ಹೋಗುವ ಫೆರಿ ಹತ್ತಿದೆವು. ಅರ್ಧ ತಾಸಿನ ಹಾದಿ. ಒಪೆರಾ ಹೌಸ್ ಪಕ್ಕದಲ್ಲೇ ಸರಿದುಹೋಯಿತು. ಅವ್ವ ಅತ್ತ ನೋಡಲೂ ಇಲ್ಲ, ಬುತ್ತಿ ಚೀಲ ಅವುಚಿಕೊಂಡು ಕೂತಿದ್ದಳು.

ಮ್ಯಾನ್ಲಿಯಲ್ಲಿ ಇಳಿದು ಕಾರ್ಸೊ ಎನ್ನುವ ಅಂಗಡಿ ಬೀದಿ ದಾಟಿದರೆ ಎದುರಿಗೇ ಸಮುದ್ರ. ಉಸುಕು ಕಾಣದಷ್ಟು ಟವೆಲ್ಲುಗಳು. ದೇವಸೂಗೂರು ಜಾತ್ರೆಯಷ್ಟು ಮಂದಿ. ಮೈಮೇಲಿನ ಬಟ್ಟೆ ಮಾತ್ರ ಜಾತ್ರೆಯಷ್ಟಿಲ್ಲ. ಅವ್ವ ತಲೆ ತುಂಬ ಸೆರಗು ಹೊದ್ದು ನೆಲ ನೋಡುತ್ತ ನಡೆದಳು. ಒಂದು ಕಾಲಕ್ಕೆ ಇಲ್ಲಿ ಹಗಲು ಹೊತ್ತು ಸಮುದ್ರಸ್ನಾನಕ್ಕೇ ನಿಷೇಧವಿತ್ತು. 1902ರಲ್ಲಿ ಗೋಚರ್ ಎಂಬ ಪತ್ರಿಕೆಯವನು ಬೇಕೆಂದೇ ಹಾಡಹಗಲು ನೀರಿಗಿಳಿದ. ಮರುವರ್ಷ ಪುರಸಭೆ ನಿಯಮ ಕೈಬಿಟ್ಟಿತು. ತಮ್ಮ ಇದನ್ನು ಹೇಳಿದ್ದಕ್ಕೆ ಅವ್ವ, "ಬಿಡಬಾರದಿತ್ತು" ಎಂದಳು.

ಕೆಂಪು-ಹಳದಿ ಬಾವುಟ ಎರಡು ಕಡೆ ನೆಟ್ಟಿರುತ್ತಾರೆ, ಈಜುವವರು ಅವೆರಡರ ನಡುವೆಯೇ ಈಜಬೇಕು. ಅಲ್ಲಿ ಕಾಲಿಡಲು ಜಾಗವಿಲ್ಲ. ಬಾವುಟದಾಚೆ ಒಂದು ಪಟ್ಟಿ ಮಾತ್ರ ತೆರೆಯೇ ಇಲ್ಲದೆ, ತುಸು ಕಪ್ಪಾಗಿ, ಕೆರೆಯ ಹಾಗೆ ಸುಮ್ಮನಿತ್ತು. ಹುಡುಗನಿಗೆ ಇದೇ ಚೊಲೋ ಎಂದು ಮಗನ ಕೈ ಹಿಡಿದು ಹೊರಟೆ.

"ಅಲ್ಲಿ ಬ್ಯಾಡೋ. ಎಲ್ಲಾ ಕಡೆ ತೆರಿ ಒಡದು ಅಲ್ಲೊಂದೇ ಕಡೆ ಯಾಕ ಒಡೀವಲ್ದು? ಸೆಳವದ."

ತಮ್ಮ ಅವ್ವನ ಮುಖ ನೋಡಿದ. ಅದಕ್ಕೆ ಇಲ್ಲಿ ರಿಪ್ ಎನ್ನುತ್ತಾರಂತೆ. ತೆರೆ ದಂಡೆಗೆ ತಳ್ಳಿದ ನೀರು ಒಳಕ್ಕೆ ಮರಳುವ ದಾರಿ; ಅಲ್ಲಿ ಆಳ ಹೆಚ್ಚು, ಅದಕ್ಕೇ ತೆರೆ ಒಡೆಯುವುದಿಲ್ಲ. ಸಿಕ್ಕಿಕೊಂಡರೆ ಎದುರೀಜಬಾರದು, ತೇಲುತ್ತ ಕೈ ಎತ್ತಬೇಕು. ಅವ್ವ ಕೃಷ್ಣಾ ದಂಡೆಯ ಹುಡುಗಿ, ಸಮುದ್ರ ಕಂಡದ್ದು ಅವತ್ತೇ ಮೊದಲು. ನಾನು ಬಾಯಿ ಮುಚ್ಚಿಕೊಂಡು ಗದ್ದಲದೊಳಗೇ ಮಗನನ್ನು ಇಳಿಸಿದೆ.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕ್ ಬಡಾವಣೆಯಿಂದ ತಂದ ಜೋಳದ ಹಿಟ್ಟಿನ ರೊಟ್ಟಿ, ಶೇಂಗಾ ಹಿಂಡಿ. ಕೆಂಪು ಕೊಕ್ಕಿನ ಕಡಲಹಕ್ಕಿಯೊಂದು ನನ್ನ ಹೆಂಡತಿಯ ಕೈಯಿಂದಲೇ ಅರ್ಧ ರೊಟ್ಟಿ ಕಸಿದು ಹಾರಿತು. ನಾಲ್ಕು ಹೆಜ್ಜೆ ಆಚೆ ಇಳಿದು ಕುಕ್ಕಿತು, ಕಟಗ ರೊಟ್ಟಿ ಮುರಿಯಲಿಲ್ಲ, ಮತ್ತೆ ಕುಕ್ಕಿತು. ಅವ್ವ ಅವತ್ತು ಮೊದಲ ಸಲ ನಕ್ಕಳು.

ಹೊರಡುವ ಮುಂಚೆ ಸೀರೆ ಎತ್ತಿ ಕಟ್ಟಿ, ಬಾವುಟಗಳ ನಡುವೆ ಮೊಣಕಾಲುದ್ದ ಇಳಿದಳು. ಹೊಳೆಯ ರೂಢಿ, ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. "ಇಷ್ಟು ನೀರಿಟಗೊಂಡು ಒಂದೆಕರೆ ಭತ್ತ ಬೆಳಿಯಂಗಿಲ್ಲಲ್ಲೋ!" ಎನ್ನುತ್ತ ನನ್ನ ಬಾಟಲಿಗೆ ಕೈಚಾಚಿದಳು.