ಅಳದ ಕೂಸು

‘ನಮ್ಮ ಕೂಸು ಭಾಳ ಶಾಣ್ಯಾ ಐತ್ರಿ, ಅಳೂದೇ ಇಲ್ಲ.’

ಆ ಅಜ್ಜಿಯ ಮಾತು ಈ ವಾರವೆಲ್ಲ ಕಿವಿಯಲ್ಲೇ ಇದೆ. ಲಿಂಗಸುಗೂರು ಕಡೆಯ ಹಳ್ಳಿ. ನಮ್ಮ ಚಿಕ್ಕಮ್ಮನ ಸೊಸೆ ಅಲ್ಲಿ ಆಶಾ ಕಾರ್ಯಕರ್ತೆ, ಅವಳ ಜೊತೆ ಹೋಗಿದ್ದೆ. ಆಸ್ಪತ್ರೆಯ ಎಸ್‌ಎನ್‌ಸಿಯುನಿಂದ, ಅಂದರೆ ಹಸುಗೂಸುಗಳ ವಿಶೇಷ ಆರೈಕೆ ವಾರ್ಡಿನಿಂದ, ಮನೆಗೆ ಕಳಿಸಿದ್ದ ಕೂಸು, ತೂಕ 1.8 ಕೆಜಿ.

‘ಅಳದಿದ್ರನ ನನಗ ಅಂಜಿಕಿ ಯಮ್ಮಾ’ ಅಂದಳು ಅವಳು. ಕೂಸನ್ನು ಮುಟ್ಟದೆ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿದಳು. 60 ಮುಟ್ಟಿದರೆ ಅಪಾಯ, ಮುಟ್ಟಿರಲಿಲ್ಲ. ಆಮೇಲೆ ಅಂಗಾಲಿಗೆ ಬೆರಳಿನಿಂದ ತಟ್ಟಿದಳು. ಕಣ್ಣು ಅರ್ಧ ತೆರೆದು ಮುಚ್ಚಿತು, ಅಷ್ಟೇ. ಎದೆಗೆ ಹಚ್ಚಿದರೆ ಚೀಪಲಿಲ್ಲ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 35.1 ಡಿಗ್ರಿ. 35.5ಕ್ಕಿಂತ ಇಳಿದರೆ ತಡಮಾಡುವ ಹಾಗಿಲ್ಲ. ಹೊರಗೆ ರಣಬಿಸಿಲು, ಕೂಸಿನ ಪಾದ ತಣ್ಣಗೆ. ತಾಯಿಯ ಬರಿ ಎದೆಗೆ ಅದನ್ನು ಅವುಚಿಸಿ, ಮೇಲೆ ಸೀರೆ ಸುತ್ತಿ, 108ಕ್ಕೆ ಫೋನ್ ಮಾಡಿದಳು. ಈಗ ಮತ್ತೆ ವಾರ್ಡಿನಲ್ಲಿದೆ, ಹಾಲು ಕುಡಿಯುತ್ತಿದೆಯಂತೆ.

ಅಜ್ಜಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಅಳುವ ಕೂಸನ್ನೇ ಜಡ್ಡು ಅಂದುಕೊಂಡು ಮಕ್ಕಳನ್ನು ಸಾಕಿದವರು ಅವರು. ಸುಮ್ಮನೆ ಮಲಗುವ ಕೂಸು ನಿತ್ರಾಣವಾಗಿರಬಹುದು ಎಂದು ಆಸ್ಪತ್ರೆಯಲ್ಲಿ ಯಾರಾದರೂ ಕೂತು ಹೇಳಿದ್ದರೆ ಕೇಳುತ್ತಿದ್ದರು. ಚೀಟಿಯಲ್ಲಿ ಇದ್ದದ್ದು ‘ವಾರ ಬಿಟ್ಟು ತೋರಿಸಿ’ ಅಂತ ಮಾತ್ರ. ಹೊಲಿಗೆ ಹಾಕಿದ ಬಾಣಂತಿ, ಕೂಲಿ ಬಿಟ್ಟರೆ ಸಂಜೆಗೆ ದುಡ್ಡಿಲ್ಲದ ಗಂಡ, ಎರಡು ಬಸ್ಸು. ಯಾರು ತೋರಿಸಬೇಕು?

ಆಶಾ ಮನೆಭೇಟಿಗೆ ಲೆಕ್ಕ ಇದೆ: 3, 7, 14, 21, 28, 42ನೇ ದಿನ. ಒಳ್ಳೆಯ ಲೆಕ್ಕವೇ. ಆದರೆ ಕೂಸು ವಾರ್ಡಿನಲ್ಲಿದ್ದಾಗಲೇ ಮೊದಲ ಭೇಟಿಗಳ ದಿನ ಕಳೆದುಹೋಗಿರುತ್ತವೆ. ಅಪಾಯ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ, ಅಲ್ವಾ? ಉಗಾಂಡಾದಲ್ಲಿ ಮಗುವನ್ನು ಮನೆಗೆ ಕಳಿಸುವ ಮೊದಲೇ ಅದರ ಅಪಾಯ ಎಷ್ಟೆಂದು ಅಳೆದು, ಜಾಸ್ತಿ ಅಪಾಯ ಇರುವವರ ಬೆನ್ನು ಬಿಡದೆ ನೋಡಿಕೊಳ್ಳುವ ಪದ್ಧತಿಯನ್ನು ಪ್ರಯತ್ನಿಸಿದ್ದಾರೆ. ನಮ್ಮಲ್ಲೂ ಆಗಬಾರದ್ದೇನಲ್ಲ. ತೂಕದ ಜೊತೆಗೆ ಊರು ಎಷ್ಟು ದೂರ, ತಾಯಿ ಹೇಗಿದ್ದಾಳೆ, ರಾತ್ರಿ ಗಾಡಿ ಸಿಗುತ್ತದಾ ಎಂದು ಕೇಳಿದರೂ ಎಷ್ಟೋ ತಿಳಿಯುತ್ತದೆ.

ಈ ಕೂಸು ಊರಿಗೆ ಬಂದಿದ್ದು ನಮ್ಮ ಆಶಾಗೆ ಗೊತ್ತಾಗಿದ್ದು ಹಿಟ್ಟಿನ ಗಿರಣಿಯಲ್ಲಿ, ಯಾರೋ ಮಾತಾಡುವಾಗ. ಆಸ್ಪತ್ರೆಯವರ ಹತ್ತಿರ ಅವಳ ನಂಬರ್ ಇತ್ತು. ತಾಯಿ ಕಾರ್ಡಿನ ಮೇಲೇ ಬರೆದಿತ್ತು.